ಅರ ಹಾಕಿದ ಬಾಯಿ

ನನ್ನ ಅಣ್ಣ ಗಂಗಣ್ಣ ಯಾರನ್ನು ಕಂಡರೂ ಮೊದಲು ನೋಡುತ್ತಿದ್ದದ್ದು ಬಾಯನ್ನು. ಮುಖ, ಕಣ್ಣು ಎಲ್ಲ ಆಮೇಲೆ. ಗುಬ್ಬಿ, ಚೇಳೂರು, ಕುಣಿಗಲ್ ಕಡೆಯ ಸಂತೆಗಳಲ್ಲಿ ಅವನು ದನದ ದಳ್ಳಾಳಿ. ಎತ್ತಿನ ಮೂಗುದಾರ ಹಿಡಿದು, ಹೆಬ್ಬೆರಳಿನಿಂದ ಕೆಳತುಟಿ ಜಗ್ಗಿ, ನಾಲ್ಕು ಹಲ್ಲೋ ಆರು ಹಲ್ಲೋ ನೋಡಿ ವಯಸ್ಸು ಹೇಳಿಬಿಡುತ್ತಿದ್ದ. ಆಮೇಲೆ ಜೊಲ್ಲು ಮೆತ್ತಿದ ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದ. ಅದೇ ಪಂಚೆಯಲ್ಲಿ ಮನೆಗೆ ಬಂದು ಊಟಕ್ಕೆ ಕೂರುತ್ತಿದ್ದ. ಎದುರಿಗೆ ಕೂತ ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ.

ಜೊಲ್ಲಾದರೆ ತೊಳೆದರೆ ಹೋಗುತ್ತದೆ. ಅವನ ಇನ್ನೊಂದು ಕೆಲಸದ ಹೇಸಿಗೆ ತೊಳೆದರೆ ಹೋಗುವಂಥದ್ದಲ್ಲ. ವಯಸ್ಸಾದ ಎತ್ತಿನ ಹಲ್ಲು ಸವೆದು ಏರುತಗ್ಗಾಗಿರುತ್ತದೆ. ಸಂತೆಯ ಹಿಂದಿನ ದಿನ ಅಂಥ ಎತ್ತನ್ನು ಕೆಡವಿ, ಕಾಲು ಕಟ್ಟಿ, ಬಾಯಿಗೆ ಅಡ್ಡಕೋಲು ಕೊಟ್ಟು, ಕಬ್ಬಿಣದ ಅರದಿಂದ ಹಲ್ಲನ್ನು ಉಜ್ಜಿ ಸಮ ಮಾಡುತ್ತಿದ್ದ. ಮುದಿ ಎತ್ತು ಮಾರನೆಯ ದಿನಕ್ಕೆ ಹರೆಯದ್ದಾಗಿರುತ್ತಿತ್ತು. ತೊಂಬತ್ತರ ಸುಮಾರಿಗೆ ಹಬ್ಬಕ್ಕೆಂದು ಗುಬ್ಬಿಯ ತವರಿಗೆ ಹೋದಾಗ ಹಿತ್ತಲಲ್ಲಿ ಇದನ್ನು ಕಣ್ಣಾರೆ ನೋಡಿದೆ. ಬಾಯಿ ತುಂಬ ಕೆಂಪು ನೊರೆ, ಸುಟ್ಟ ಕೊಂಬಿನಂಥ ವಾಸನೆ. ಹಗ್ಗ ಬಿಚ್ಚಿದ ಮೇಲೆ ಆ ಎತ್ತು ಬಾನಿಯ ತಣ್ಣೀರಿಗೆ ಮೂತಿ ಇಟ್ಟಿದ್ದೇ ತಡ, ತಟ್ಟನೆ ತಲೆಯನ್ನು ಪಕ್ಕಕ್ಕೆ ತಿರುಗಿಸಿತು. ಬಾಯಾರಿದ್ದರೂ ಕುಡಿಯಲಿಲ್ಲ.

"ಅದಕ್ಕೆ ನೋವಾಗಲ್ವೇನಣ್ಣಾ?" ಎಂದೆ.

"ಎರಡ್ ದಿನ ಅಷ್ಟೇ ಬುಡು ಲಿಂಗಮ್ಮ. ಅಷ್ಟೊತ್ಗೆ ಕೊಂಡೋನ ಕೊಟ್ಟಿಗೇಲಿ ಇರ್ತದೆ" ಎಂದು ನಕ್ಕ.

ಇಂಥವನಿಗೆ ಅಕ್ಷತಾ ಒಬ್ಬಳೇ ಮಗಳು. ಅವಳ ಮೇಲಿನ ಸಾಲಿನಲ್ಲಿ ಒಂದು ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ನಕ್ಕರೆ ಬೀದಿಯ ಕೊನೇ ಮನೆಗೂ ಕೇಳಬೇಕು, ಕಬ್ಬಿನ ಜಲ್ಲೆಯನ್ನು ಹಲ್ಲಿನಲ್ಲೇ ಸಿಗಿಯಬೇಕು. ಅತ್ತಿಗೆ ತೀರಿಕೊಂಡ ಮೇಲೆ ಆ ಮನೆಯಲ್ಲಿ ಕೇಳಲು ಹಿತವಾಗಿದ್ದದ್ದು ಅವಳ ನಗು ಒಂದೇ.

ಎರಡು ಸಾವಿರದ ಎರಡರಲ್ಲಿ ಕುಣಿಗಲ್‌ನಿಂದ ಅವಳನ್ನು ನೋಡಲು ಬಂದರು. ಹುಡುಗ ಸೋಮಶೇಖರ್, ಪೇಟೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ. ಅವನ ತಾಯಿ ಅಕ್ಷತಾಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಹುಡ್ಗಿ ಲಕ್ಷಣವಾಗವ್ಳೆ. ಆ ಹಲ್ಲೊಂದು ಸರಿ ಮಾಡ್ಸ್‌ಬುಡಿ, ಫೋಟೋದಾಗೆ ಎದ್ದು ಕಾಣ್ತದೆ" ಎಂದಳು. ಹೇಳಿದ ಮಹಾತಾಯಿಯ ಬಾಯಲ್ಲಿ ಹೊಗೆಸೊಪ್ಪಿನ ಕರೆ ಹಿಡಿಯದ ಹಲ್ಲು ಒಂದೂ ಇರಲಿಲ್ಲ. ಮಗ ಸೂರು ನೋಡುತ್ತಾ ಕೂತಿದ್ದ. ನನ್ನ ಅಣ್ಣನಿಗೆ ಸಿಟ್ಟು ಬರುತ್ತದೆ ಎಂದುಕೊಂಡೆ. ಅವನು, "ಅಷ್ಟೇ ತಾನೆ? ಲಗ್ನದೊಳಗೆ ಮಾಡಿಸ್ತೀನಿ" ಎಂದು ಕೈ ಮುಗಿದ.

ನನ್ನ ಮನೆ ತುಮಕೂರಿನ ಗುಬ್ಬಿ ಗೇಟ್ ಹತ್ತಿರ. ಅಪ್ಪ-ಮಗಳಿಬ್ಬರನ್ನೂ ಮೊದಲು ನನಗೆ ಗೊತ್ತಿದ್ದ ಹಲ್ಲಿನ ಡಾಕ್ಟರ್ ಅಸ್ಫಿಯಾ ಹತ್ತಿರ ಕರೆದುಕೊಂಡು ಹೋದೆ. ಆಕೆ ನೋಡಿ, "ಹಲ್ಲೆಲ್ಲಾ ಕಲ್ಲಿನಂಗಿದಾವೆ. ಕ್ಲಿಪ್ ಹಾಕಿದ್ರೆ ಎರಡು ವರ್ಷದಲ್ಲಿ ಸಾಲಿಗೆ ಬರ್ತವೆ. ಯಾರೇ ಹೇಳಿದ್ರೂ ಒಳ್ಳೇ ಹಲ್ಲನ್ನ ತೇಯ್ದು ಮೇಲೆ ಕ್ಯಾಪ್ ಹಾಕಿಸ್ಬೇಡಿ" ಎಂದಳು.

"ಎರಡ್ ವರ್ಷ ಯಾರಮ್ಮಾ ಕಾಯ್ತಾರೆ? ಲಗ್ನ ಬರೋ ತಿಂಗ್ಳು" ಎಂದು ಅಣ್ಣ ಎದ್ದೇಬಿಟ್ಟ.

ಅವನು ಬಸ್ ಸ್ಟ್ಯಾಂಡಿನ ಬಳಿ ಇನ್ನೊಂದು ಕ್ಲಿನಿಕ್ ನೋಡಿಟ್ಟಿದ್ದ. ಗಾಜಿನ ಬಾಗಿಲು, ಒಳಗೆ ಗೋಡೆ ತುಂಬ ಫೋಟೋ. ಎಡಗಡೆ ಕೊಳಕು ಹಲ್ಲು, ಬಲಗಡೆ ಬಿಳಿ ಹಲ್ಲು. ಒಂದಕ್ಕೂ ಮುಖವಿಲ್ಲ, ಬರೀ ಬಾಯಿಗಳು. ಅಣ್ಣನಿಗೆ ಸಂತೆಗೆ ಬಂದಷ್ಟೇ ಸಲೀಸಾಯಿತು. ಅಲ್ಲಿನ ಡಾಕ್ಟರು ಹಲ್ಲು ಬೆಳ್ಳಗೆ ಮಾಡುವುದು, ಮೇಲೆ ತೆಳ್ಳನೆ ಬಿಲ್ಲೆ ಅಂಟಿಸುವುದು, ಕ್ಲಿಪ್ಪು ಎಂದು ಒಂದೊಂದನ್ನೇ ವಿವರಿಸಿ, "ಕ್ಯಾಪ್ ಆದ್ರೆ ಒಂದೇ ವಾರ. ಮುಂದಿನ ಆರು ಹಲ್ಲೂ ಒಂದೇ ಸಮ" ಎಂದರು. ಆರರಲ್ಲಿ ಐದು ನೆಟ್ಟಗೇ ಇದ್ದವು. ನನಗೆ ಮೈ ಉರಿಯಿತು.

ಬೀಗದಕೈ ಗೊಂಚಲಿನಂತೆ ಪೋಣಿಸಿದ ಮಾದರಿ ಹಲ್ಲುಗಳನ್ನು ಅವರು ಬಣ್ಣ ಆರಿಸಲು ಮುಂದಿಟ್ಟರು. ಅಣ್ಣ ಎಲ್ಲಕ್ಕಿಂತ ಬಿಳಿಯದನ್ನು ಹಿಡಿದ.

"ಅದು ಉಳಿದ ಹಲ್ಲಿಗೆ ಹೊಂದಲ್ಲ ಯಜಮಾನ್ರೇ."

"ಎದ್ದು ಕಾಣ್ಲಿ ಬುಡಿ ಸ್ವಾಮಿ."

ಅಕ್ಷತಾ ನನ್ನ ಸೆರಗು ಎಳೆದಳು. "ಅತ್ತೆ, ನಾನು ಕ್ಲಿಪ್ಪೇ ಹಾಕ್ಸ್ಕೊತೀನಿ. ಮದುವೆ ತಡವಾದ್ರೆ ಆಗ್ಲಿ. ಅಪ್ಪಂಗೆ ಹೇಳತ್ತೆ."

ಹೇಳಿದೆ. ಹೇಳಿದ್ದಲ್ಲ, ಡಾಕ್ಟರ ಎದುರಿಗೇ ಕೂಗಾಡಿದೆ. "ಲಿಂಗಮ್ಮ, ನೀ ಸುಮ್ಕಿರು. ಕ್ಲಿಪ್ ಹಾಕ್ಕೊಂಡು ಹಸೆಮಣೆ ಮೇಲೆ ಕೂತ್ರೆ ಮೂಗುದಾರ ಹಾಕ್ದಂಗೆ ಕಾಣ್ತಾಳೆ" ಎಂದ. ಹೆತ್ತ ಅಪ್ಪನ ಮಾತಿನ ಮುಂದೆ ಅತ್ತೆಯ ಮಾತು ನಡೆಯಲಿಲ್ಲ.

ಯಂತ್ರ ಗುಂಯ್ ಎಂದಾಗ ನಾನು ಅವಳ ಕೈ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಗುಬ್ಬಿಯ ಹಿತ್ತಲಿನ ಅದೇ ವಾಸನೆ ಬಂತು. ತುಟಿಯ ಮೇಲೆ ಬಿಳಿ ಪುಡಿ, ಉಗಿದರೆ ಕೆಂಪು ನೊರೆ. ಕಬ್ಬು ಸಿಗಿಯುತ್ತಿದ್ದ ಹಲ್ಲುಗಳು ಅಕ್ಕಿಕಾಳಿನಷ್ಟು ಮೊನಚಾಗಿ ಉಳಿದವು. ಮನೆಗೆ ಬಂದ ಮೇಲೆ ಮಡಕೆಯ ನೀರು ಕೊಟ್ಟೆ. ಅವಳು ಲೋಟವನ್ನು ಬಾಯಿಗಿಟ್ಟವಳು ತಟ್ಟನೆ ತಲೆಯನ್ನು ಪಕ್ಕಕ್ಕೆ ತಿರುಗಿಸಿದಳು. ನಾನು ಅಣ್ಣನ ಮುಖ ನೋಡಿದೆ. ಅವನೂ ಕಂಡಿದ್ದ. ಅವನಿಗೂ ಆ ಎತ್ತು ನೆನಪಾಗಿತ್ತು, ಅದು ನನಗೆ ಚೆನ್ನಾಗಿ ಗೊತ್ತಾಯಿತು.

"ಎರಡ್ ದಿನ ಅಷ್ಟೇ ಕಣವ್ವ" ಎಂದ.

ವಾರದಲ್ಲಿ ಕ್ಯಾಪು ಕೂತವು, ಮದುವೆಯಾಯಿತು. ಫೋಟೋದಲ್ಲಿ ಅವಳ ಆರು ಹಲ್ಲು ಸುಣ್ಣ ಬಳಿದ ಗೋಡೆಯ ಹಾಗೆ ಎದ್ದು ಕಂಡವು. ಸೋಮಶೇಖರನ ತಾಯಿಗೆ ತೃಪ್ತಿಯೋ ತೃಪ್ತಿ.

ಎರಡನೇ ವರ್ಷದ ಗೌರಿ ಹಬ್ಬಕ್ಕೆ ನಾನು ಗುಬ್ಬಿಯಲ್ಲಿದ್ದಾಗ ಸೋಮಶೇಖರ್ ಮತ್ತು ಅವನ ತಾಯಿ ಅಕ್ಷತಾಳನ್ನು ಕರೆದುಕೊಂಡು ಬಂದರು. ಬಾಗಿನಕ್ಕಲ್ಲ. ಮೈಮೇಲಿನ ಸುಳಿ ಸರಿಯಿಲ್ಲದ ಎತ್ತನ್ನು ಮಾರಿದವನಿಗೇ ಹಿಂದಕ್ಕೆ ಹೊಡೆದುಕೊಂಡು ಬರುವವರ ಮುಖ ಹೊತ್ತು ಬಂದಿದ್ದರು. "ಬಾಯಿ ನಾತ ಹೊಡೀತದೆ. ಪಕ್ಕದಾಗೆ ಮಲಗಕ್ಕಾಗಲ್ಲ ಅಂತಾನೆ ನನ್ ಮಗ. ಏನ್ ಐಬು ಮುಚ್ಚಿಟ್ಟು ಕೊಟ್ರಿ?" ಎಂದಳು ತಾಯಿ. ಸೋಮಶೇಖರ್ ಆಗಲೂ ಸೂರು ನೋಡುತ್ತಿದ್ದ. ಅಕ್ಷತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಂಬಕ್ಕೆ ಒರಗಿದ್ದಳು.

ಐಬು ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಅಣ್ಣ ಸಂತೆಯ ಮನುಷ್ಯನಾಗಿಬಿಟ್ಟ. ಸರಸರನೆ ಮಗಳ ಬಳಿ ಹೋಗಿ, ಸೆರಗು ಸರಿಸಿ, ಹೆಬ್ಬೆರಳಿನಿಂದ ಅವಳ ತುಟಿ ಎತ್ತಿ ಹಿಡಿದ. "ನೋಡ್ಕಳಿ! ಒಂದಾದ್ರೂ ಹುಳುಕೈತಾ? ಹಾಲಿನಂಗವೆ!"

ಒಂದು ಕ್ಯಾಪು ಅವನ ಬೆರಳಿಗೇ ಕಳಚಿ ಬಂತು. ಅದರ ಕೆಳಗೆ ಕರಿ ಮೊಳೆಯಂಥ ಮೋಟು, ಸುತ್ತ ಕೀವು. ಅದರ ನಾತಕ್ಕೆ ನಡುಮನೆಯಲ್ಲಿ ಎಲ್ಲರೂ ಮೂಗು ಮುಚ್ಚಿಕೊಂಡರು. ಅಣ್ಣ ಆ ಬೆರಳನ್ನು ಪಂಚೆಗೆ ಒರೆಸಿಕೊಂಡ. ಮಗಳ ಬಾಯಿಗಿಟ್ಟ ಬೆರಳನ್ನು, ಅವಳ ಕಣ್ಣೆದುರಿಗೇ. "ಥೂ, ನಿನ್ನ ಜನ್ಮಕ್ಕಿಷ್ಟು!" ಎಂದು ನಾನು ಉಗಿದು, ಹುಡುಗಿಯ ಕೈ ಹಿಡಿದುಕೊಂಡು ತುಮಕೂರಿನ ಬಸ್ಸು ಹತ್ತಿದೆ.

ಅಸ್ಫಿಯಾ ಒಂದು ಮಾತೂ ಹಂಗಿಸದೆ ಎಲ್ಲಾ ಕ್ಯಾಪು ತೆಗೆದಳು. ಎರಡು ಹಲ್ಲು ಹೋದವು, ಉಳಿದವು ಉಳಿದವು. ಹೊಸದಾಗಿ ಕಟ್ಟಿದ ಹಲ್ಲಿಗೆ ಬಣ್ಣವನ್ನು ಅಕ್ಷತಾಳೇ ಆರಿಸಿದಳು. ಗಂಡ ಕರೆಯಲು ಬಂದ, ಇವಳು ಹೋಗಲಿಲ್ಲ. ನನ್ನ ಮನೆಯಲ್ಲೇ ಇದ್ದು ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಅವಳ ಹಲ್ಲು ಚೆನ್ನಾಗಿದೆ ಎನ್ನುವವರಿದ್ದಾರೆ. ಆದರೆ ನಗು ಬಂದರೆ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಹಲ್ಲು ಸೊಟ್ಟಗಿದ್ದಾಗ ಎಂದೂ ಬಾಯಿ ಮುಚ್ಚಿ ನಕ್ಕವಳಲ್ಲ.

ಕೆಲವು ತಿಂಗಳಾದ ಮೇಲೆ ಅಣ್ಣ ಬಂದ. ಜಗಲಿಯ ಮೇಲೆ ಕೂತು ಮಗಳ ಬಾಯನ್ನೇ ಕದ್ದು ನೋಡುತ್ತಿದ್ದ. ಅವಳು ಚೊಂಬಿನಲ್ಲಿ ನೀರು ತಂದಿಟ್ಟಳು.

"ಇನ್ನೂ ನೋವೈತೇನವ್ವಾ?"

"ಎರಡ್ ದಿನ ಅಷ್ಟೇ ಅಂದಿದ್ಯಲ್ಲಪ್ಪಾ" ಎಂದು ತುಟಿ ಬಿಚ್ಚದಷ್ಟು ಮೆಲ್ಲಗೆ ಹೇಳಿ ಒಳಗೆ ಹೋದಳು.

ಅಣ್ಣ ಚೊಂಬನ್ನು ಬಾಯಿಯವರೆಗೆ ಎತ್ತಿದ. ಆಮೇಲೆ ತಲೆಯನ್ನು ಪಕ್ಕಕ್ಕೆ ತಿರುಗಿಸಿ, ಕುಡಿಯದೆ ಕೆಳಗಿಟ್ಟ. ನನಗೆ ಕನಿಕರ ಬರಲಿಲ್ಲ. ಅವನು ಹೋದ ಮೇಲೆ ಆ ನೀರನ್ನು ಚರಂಡಿಗೆ ಚೆಲ್ಲಿ ಚೊಂಬು ತೊಳೆದಿಟ್ಟೆ.