ಕರಿ ಹಚ್ಚುವ ಪಾಳಿ

ನನ್ನ ತವರೂರಿನ ಹೈಸ್ಕೂಲು ರಸ್ತೆ ಪಕ್ಕದ ಹೊಸ ಕಟ್ಟಡಕ್ಕೆ ಹೋಯಿತು. ಕಾಲುವೆ ಹತ್ತಿರದ ಹಳೇ ಕಟ್ಟಡಕ್ಕೆ ಈಗ ಬೀಗ. ಸಿಂಧನೂರು, ಲಿಂಗಸುಗೂರಿನಲ್ಲಿ ಬೆಳೆಯುತ್ತಿರುವ ಮೊಮ್ಮಕ್ಕಳು ನೀವು ಅದನ್ನು ನೋಡಿಲ್ಲ. ಎದುರಿಗೆ ಕೂತು ಹೇಳಲು ನನಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಶಾಲೆ ಮೊದಲು ಮಠದ ಪಡಸಾಲೆಯಲ್ಲಿತ್ತಂತೆ. ಆಮೇಲೆ ಊರವರೇ ಬಂಡಿಗಳಲ್ಲಿ ಕಲ್ಲು ಹೇರಿ ತಂದು ಕಟ್ಟಿದರು. ನಾನು ಓದುವಾಗ ಹತ್ತಿರದ ನಿರಾಶ್ರಿತರ ಕ್ಯಾಂಪಿನ ಬಂಗಾಲಿ ಮಕ್ಕಳೂ ಕಾಲುವೆ ಏರಿ ಮೇಲೆ ನಡೆದು ಬರುತ್ತಿದ್ದರು. ಅಲ್ಲೊಂದು ರೂಢಿ ಇತ್ತು. ಹತ್ತನೇ ತರಗತಿಯವರು ಶಾಲೆ ಬಿಡುವ ಮುಂಚೆ, ಮುಂದೆ ಬರುವವರಿಗಾಗಿ ಗೋಡೆಯ ಬೋರ್ಡಿಗೆ ಕರಿ ಹಚ್ಚಬೇಕು. ತೊಂಡೆ ಎಲೆ ಅರೆದು, ರಸಕ್ಕೆ ಇದ್ದಿಲ ಪುಡಿ ಕಲಸಿ, ಹಳೇ ಬಟ್ಟೆಯಿಂದ ಬಳಿಯುವುದು. ಅದು ಆರುವ ತನಕ ಯಾರೂ ಮನೆಗೆ ಹೋಗುವಂತಿಲ್ಲ. ಕಾಯುತ್ತ ಕೂತು ಚುರುಮುರಿ ತಿನ್ನುವುದು, ನಗುವುದು, ಅಳುವುದು ಎಲ್ಲ ಆಗಲೇ. ಒಂಬತ್ತನೆಯವರಾದ ನಾವು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆವು.

ನನ್ನ ಪಾಳಿ ಬರಲೇ ಇಲ್ಲ. ಆ ಬೇಸಿಗೆಯಲ್ಲೇ ಮದುವೆಯಾಗಿ ಮಸ್ಕಿಗೆ ಹೋದೆ. ನಿಮ್ಮ ತಾತ ಒಳ್ಳೆಯವರು, ನನ್ನದೇನೂ ದೂರಿಲ್ಲ. ಆದರೂ ಆ ಆಸೆ ಒಳಗೇ ಉಳಿಯಿತು. ತಾತ ಹೋದ ಮೇಲೆ ತವರೂರಿನಲ್ಲೇ ಇರುವ ಮಗಳ ಮನೆಗೆ ಬಂದೆ. ಅವಳ ಮಗಳಿಗೆ, ನಿಮ್ಮ ಅಕ್ಕನಿಗೆ, ಜಡೆ ಹಾಕುತ್ತ ಒಮ್ಮೆ ಅದು ಬಾಯಿಗೆ ಬಂದುಬಿಟ್ಟಿತು.

ಹಳೇ ಕಟ್ಟಡದಲ್ಲಿ ಓದಿದ ಕೊನೆಯ ತಂಡ ಅವಳದೇ. ಕರಿ ಹಚ್ಚುವ ದಿನ ನಮ್ಮ ಹಿತ್ತಿಲ ತೊಂಡೆ ಎಲೆ ಕೊಟ್ಟು ಬರುವ ನೆಪ ಮಾಡಿ ಹೋದೆ. ಬಾಗಿಲಲ್ಲೇ ನಿಂತೆ. ಒಳಗೆ ಒಬ್ಬ ಹುಡುಗ ಮಾಸ್ತರರಿಗೆ ಹೇಳುತ್ತಿದ್ದ:

“ಈ ವರ್ಷ ಯಾರಿಗಂತ ಹಚ್ಚೋದ್ರಿ ಸರ್? ಮುಂದ ಇಲ್ಲಿ ಯಾರೂ ಕೂಡಂಗಿಲ್ಲ. ಸುಮ್ನ ಕೈ ಕರಿ ಆಗ್ತಾವ.”

“ಖರೇ ಐತಿ ಬಿಡು,” ಅಂದರು ಮಾಸ್ತರರು.

ಎಲೆಯ ಚೀಲ ಹೊಸ್ತಿಲ ಮೇಲಿಟ್ಟು ತಿರುಗಿದೆ. ಅಷ್ಟರಲ್ಲಿ ನಿಮ್ಮ ಅಕ್ಕ ಎದ್ದು ನಿಂತಳು.

“ನಮ್ಮ ಅಜ್ಜಿ ಪಾಳಿ ಉಳಿದೈತ್ರಿ ಸರ್. ಹೊರಗ ನಿಂತಾಳ ನೋಡ್ರಿ.”

ಸೆರಗು ತಲೆಗೆಳೆದುಕೊಂಡೆ. ಮಾಸ್ತರರು ಬಾಗಿಲಿಗೇ ಬಂದರು. “ಬರ್ರಿ ಯಮ್ಮಾ, ಒಳಗ ಬರ್ರಿ. ಹೊರಗ್ಯಾಕ ನಿಂತೀರಿ?”

ಹುಡುಗಿಯರು ಎಲೆ ಅರೆದರು, ಕಲಸಿದರು, ಬಟ್ಟೆಯನ್ನು ನನ್ನ ಕೈಗಿಟ್ಟರು. ಗಡಿಬಿಡಿಯಲ್ಲಿ ಬಟ್ಟೆ ಜಾಸ್ತಿ ಅದ್ದಿಬಿಟ್ಟೆ. ಕರಿ ನೀರು ಸಾಲಾಗಿ ಕೆಳಗಿಳಿಯಿತು.

“ಅಜ್ಜೀ, ಬೋರ್ಡಿಗೆ ಹಚ್ಚಾಕತ್ತೀಯೋ, ಜಳಕ ಮಾಡ್ಸಾಕತ್ತೀಯೋ?” ಅಂದ ಅದೇ ಹುಡುಗ.

“ಬಾಯಿ ಮುಚ್ಕೊಂಡು ನೀನೂ ಹಚ್ಚು ಬಾರಲೇ,” ಅಂದಳು ನಿಮ್ಮ ಅಕ್ಕ.

ಅವನು ಬಂದು ಇಳಿದದ್ದನ್ನೆಲ್ಲ ಒರೆಸಿದ. ನನ್ನ ಕೈಗೆ ಎಟುಕದ ಮೇಲಿನ ಅಂಚನ್ನು ಅವನೇ ಬಳಿದ. ಆಮೇಲೆ ಎಲ್ಲರೂ ನೆಲದ ಮೇಲೆ ಕೂತೆವು. ನನ್ನ ಬೊಗಸೆಗೂ ಚುರುಮುರಿ ಬಂತು. ಮಾಸ್ತರರು ಬೀಗವನ್ನು ತೊಡೆಯ ಮೇಲಿಟ್ಟುಕೊಂಡು, ಜಲ್ದಿ ಮಾಡಿ ಅನ್ನದೆ, ಬೋರ್ಡು ಆರುವ ತನಕ ಕೂತರು.

ಆರಿದ ಮೇಲೆ ಸೀಮೆಸುಣ್ಣ ಚಾಚಿ, “ಏನರ ಬರೀರಿ ಯಮ್ಮಾ,” ಅಂದರು. ನಾನು ಒಲ್ಲೆನೆಂದು ತಲೆಯಾಡಿಸಿದೆ. ನನಗೆ ಬೇಕಾಗಿದ್ದದ್ದು ಬರೆಯುವುದಲ್ಲ.

ಮನೆಯಲ್ಲಿ ಮಗಳು ನನ್ನ ಕೈ ನೋಡಿ, “ಉಗುರಾಗ ಇನ್ನೂ ಕರಿ ಐತಿ, ಮತ್ತೊಮ್ಮೆ ತೊಳ್ಕೊಂಡ್ ಬಾ,” ಅಂದಳು. ನಾನು ಕೇಳಿಸದವಳ ಹಾಗೆ ಊಟಕ್ಕೆ ಕೂತೆ.