ಚಿನ್ನಮ್ಮ ಬಾಯಿ ತೆರೆದ ದಿನ

ನರ್ಸ್ ಆಗಿ ಸೇರಿದ ಮೊದಲ ತಿಂಗಳೇ ನಾನು ಒಬ್ಬಳ ಕೈಗಳನ್ನು ಮಂಚಕ್ಕೆ ಕಟ್ಟಿದ್ದೆ. ಬ್ಯಾಂಡೇಜ್ ಬಟ್ಟೆ, ಎರಡೆರಡು ಗಂಟು. ನೀಟಾಗಿ.

ಎಪ್ಪತ್ತರ ದಶಕದ ಕೊನೆ. ಕೋಲಾರ ಜಿಲ್ಲೆಯ ಒಂದು ಪುಟ್ಟ ಆಸ್ಪತ್ರೆ (ಹೆಸರು ಬೇಡ ಬಿಡಿ). ಸಿರಿಂಜುಗಳನ್ನು ಸೀಮೆಎಣ್ಣೆ ಸ್ಟೌ ಮೇಲೆ ಕುದಿಸುತ್ತಿದ್ದ ಕಾಲ. ಈಗಲೂ ಎಲ್ಲಾದರೂ ಸ್ಪಿರಿಟ್ ವಾಸನೆ ಬಂದರೆ ನನಗೆ ತಟ್ಟನೆ ಇಪ್ಪತ್ತೆರಡು ವರ್ಷ!

ಅವಳ ಹೆಸರು ಚಿನ್ನಮ್ಮ. ಯಲ್ದೂರಿನ ಕಡೆಯವಳು. ವಯಸ್ಸು ಇಪ್ಪತ್ತೈದಾದರೂ ಬುದ್ಧಿ ಬೆಳೆದಿರಲಿಲ್ಲ, ಮಾತು ಬರುತ್ತಿರಲಿಲ್ಲ. ಮುಷ್ಟಿಯಿಂದ ಹೊಡೆದುಕೊಂಡು ಹೊಡೆದುಕೊಂಡು ಕೆನ್ನೆಯ ಗಾಯ ಕೀವು ಕಟ್ಟಿತ್ತು. "ಕೈ ಕಟ್ಟಿಹಾಕಿ" ಎಂದರು ಡಾಕ್ಟರು. ಕಟ್ಟಿದೆ. ಏನಾಯಿತು? ತಲೆಯನ್ನೇ ಮಂಚದ ಕಬ್ಬಿಣಕ್ಕೆ ಚಚ್ಚಿಕೊಂಡಳು. ಹಣೆಯೂ ಒಡೆಯಿತು.

ತಾಯಿ ಮುನಿಯಮ್ಮ ಅಳಲಿಲ್ಲ. "ಬಿಚ್ಚಮ್ಮಾ ನರ್ಸಮ್ಮಾ, ನಿನ್ ಕಾಲಿಗೆ ಬೀಳ್ತೀನಿ" ಎಂದರಷ್ಟೆ. ಡಾಕ್ಟರು ಊಟಕ್ಕೆ ಹೋಗಿದ್ದರು. ಬಿಚ್ಚಿದೆ. (ಕೆಲಸ ಹೋದರೆ ನಮ್ಮೂರು ಲಕ್ಕೂರಿಗೆ ವಾಪಸ್ಸು ಹೋಗಿ ಅಪ್ಪನ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದರಾಯಿತು ಎಂದುಕೊಂಡೆ.)

ಪಕ್ಕದಲ್ಲಿ ಕೂತು ಕೇಳಿದೆ, "ಚಿಕ್ಕಂದಿನಿಂದ್ಲೂ ಹಿಂಗೇನಾಮ್ಮಾ?"

"ಬೇಜಾರಾದ್ರೆ ಒಂದೆರಡು ಏಟು ಹೊಡ್ಕೊಳ್ಳೋಳು. ಇಷ್ಟೊಂದಿಲ್ಲ. ಯುಗಾದಿ ಆದ್ಮೇಲೆ ಜಾಸ್ತಿ ಆಯ್ತು."

"ಯಾವ ಹೊತ್ನಲ್ಲಿ?"

"ಮುದ್ದೆ ತಟ್ಟೆ ಮುಂದಿಟ್ರೆ ಸಾಕು. ಊಟದ ಮ್ಯಾಲೆ ಕೋಪ ಅಂತಾರೆ ಮನೇಲಿ."

ಊಟದ ಹೊತ್ತು. ಏಟು ಬೀಳುವುದೂ ಬಲಗೆನ್ನೆಗೇ. ಹಲ್ಲು ನೋವಿರಬಹುದೇ?

ಬಾಯಿ ತೆರೆಸುವುದು ಹೇಗೆ? ಬೆರಳಿಟ್ಟರೆ ಕಚ್ಚುತ್ತಾಳೆ. ಅವಳೆದುರು ನೆಲದ ಮೇಲೆ ಕೂತೆ. ಟಾರ್ಚನ್ನು ಅವಳ ಕೈಗೇ ಕೊಟ್ಟು ನನ್ನ ಬಾಯಿ ಅಗಲಿಸಿದೆ. ಬಹಳ ಹೊತ್ತು ಅನುಮಾನದಿಂದ ನೋಡಿದಳು. ಆಮೇಲೆ ನನ್ನ ಬಾಯೊಳಗೆ ಬೆಳಕು ಬಿಟ್ಟು ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿದಳು. ಕಿಸಕ್ಕನೆ ನಕ್ಕಳು.

"ನೀದಿ ಚೂಪಿಂಚು ಬಂಗಾರು, ನೀನೂ ತೋರ್ಸು" ಎಂದು ಮುನಿಯಮ್ಮ ತೆಲುಗು ಕನ್ನಡ ಬೆರೆಸಿ ಪುಸಲಾಯಿಸಿದರು.

ತೆರೆದಳು. ಬಲಗಡೆಯ ದವಡೆ ಹಲ್ಲು ಹುಳುಕಾಗಿ ಕರ್ರಗಾಗಿತ್ತು. ಒಸಡು ಊದಿತ್ತು. ಇಷ್ಟು ದಿನ ಕೆನ್ನೆ ಬಡಿದು ಬಡಿದು ಅವಳು ಅದನ್ನೇ ಹೇಳುತ್ತಿದ್ದಳು!

ಡಾಕ್ಟರು ನೋಡಿ, "ನಾನು ನೋಡ್ಬೇಕಿತ್ತು ಸಿಸ್ಟರ್" ಎಂದರು. (ಹಾಗೆ ಒಪ್ಪಿಕೊಳ್ಳುವವರು ಆಗಲೂ ಕಮ್ಮಿ.) ಮರುದಿನ ತಾಯಿ, ಮಗಳು, ನಾನು ಮೂವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೋಲಾರದ ಬಸ್ಸು ಹತ್ತಿದೆವು. ಅವಳ ಹಲ್ಲು ಕೀಳಿಸಿಕೊಂಡು ಬಂದೆವು. ವಾರದೊಳಗೆ ಚಿನ್ನಮ್ಮ ಸೊಪ್ಪಿನ ಸಾರಿನಲ್ಲಿ ಮುದ್ದೆ ಅದ್ದಿ ಉಂಡಳು. ವಾರ್ಡಿಗೆ ವಾರ್ಡೇ ಸುತ್ತ ನಿಂತು ನೋಡಿತು.

ಅಲ್ಲಿಗೆ ಎಲ್ಲ ಸರಿಹೋಯಿತೆಂದರೆ ಸುಳ್ಳಾಗುತ್ತದೆ. ಗಲಾಟೆ ಹೆಚ್ಚಾದರೆ ಗೋಡೆಗೆ ತಲೆ ಬಡಿದುಕೊಳ್ಳುವುದು ಉಳಿದೇ ಉಳಿಯಿತು. ಆಗ ಮುನಿಯಮ್ಮ ಬೈಯುತ್ತಿರಲಿಲ್ಲ, ಎಳೆದಾಡುತ್ತಿರಲಿಲ್ಲ. ಗೋಡೆಗೂ ತಲೆಗೂ ನಡುವೆ ತಮ್ಮ ಅಂಗೈ ಇಡುತ್ತಿದ್ದರು. ಏಟೆಲ್ಲ ಅಂಗೈಗೆ. ಸ್ವಲ್ಪ ಹೊತ್ತಿಗೆ ಮಗಳು ತಾನಾಗಿ ನಿಲ್ಲಿಸುತ್ತಿದ್ದಳು. ಟ್ರೈನಿಂಗಿನಲ್ಲಿ ಯಾರೂ ಹೇಳಿಕೊಡದಿದ್ದನ್ನು ನಾನು ಆ ತಾಯಿಯಿಂದ ಕಲಿತೆ. ಸರ್ವಿಸ್ ಮುಗಿಯುವವರೆಗೂ ಎಷ್ಟೋ ಜನರಿಗೆ ಹಾಗೇ ಕೈ ಅಡ್ಡ ಹಿಡಿದೆ.

ಡಿಸ್ಚಾರ್ಜ್ ದಿನ ಮುನಿಯಮ್ಮ ಬಾಗಿಲವರೆಗೆ ಹೋಗಿ ತಿರುಗಿ ಬಂದು ಕೇಳಿದರು, "ನಾನಿರೋಗಂಟ ನಾನ್ ಕೈ ಇಡ್ತೀನಿ ನರ್ಸಮ್ಮಾ. ಆಮೇಲೆ ಯಾರಿಡ್ತಾರೆ?"

ನಲವತ್ತು ವರ್ಷ ದಾಟಿತು. ಅದನ್ನೇ ಈಗ ನಿಮ್ಮನ್ನು ಕೇಳುತ್ತಿದ್ದೇನೆ, ಯಾರಿಡ್ತಾರೆ?