ಬಟ್ಟಿ ತಿಕ್ಕುವ ಕೈ

ನಮ್ಮ ದೊಡ್ಡವ್ವ ಶಿವಗಂಗವ್ವನಿಗೆ ಕುಬಿಹಾಳದ ಜನರ ಮುಖಕ್ಕಿಂತ ಅವರ ಹೊಟ್ಟೆಯ ಪರಿಚಯವೇ ಹೆಚ್ಚು. ಬಾಗಿಲಲ್ಲಿ ಯಾರಾದರೂ ಬಂದು ನಿಂತರೆ "ಯಾರ ಅದು?" ಎಂದು ಕಣ್ಣು ಕಿರಿದು ಮಾಡುತ್ತಿದ್ದಳು. ಅವರನ್ನೇ ಚಾಪೆಯ ಮೇಲೆ ಮಲಗಿಸಿ ಹೊಕ್ಕುಳ ಮೇಲೆ ಮೂರು ಬೆರಳು ಊರಿದೊಡನೆ, "ಮಡಿವಾಳೆಪ್ಪನ ಸೊಸಿ ಏನ? ಮತ್ತ ಹಸಿ ಕಡ್ಲಿ ತಿಂದೀ ಹೌದಿಲ್ಲ?" ಎಂದು ಗುರುತು ಹಿಡಿಯುತ್ತಿದ್ದಳು. ಕಣ್ಣು ಮುಚ್ಚಿಕೊಂಡೇ ತಿಕ್ಕುವುದು ಅವಳ ರೂಢಿ. ಕಣ್ಣು ತೆರೆದರೆ ಬೆರಳಿಗೆ ತಿಳಿಯುವುದಿಲ್ಲವಂತೆ.

ಬಟ್ಟಿ ಎಂದರೆ ಹೊಕ್ಕುಳ ಕೆಳಗೆ ಬಡಿಯುವ ನಾಡಿ. ಭಾರ ಎತ್ತಿದರೆ, ಕಾಲು ಜಾರಿದರೆ ಅದು ಜಾಗ ಬಿಟ್ಟು ಸರಿಯುತ್ತದೆ, ಸರಿದರೆ ಹೊಟ್ಟೆ ಕಡಿಯುತ್ತದೆ, ಭೇದಿ ಹತ್ತುತ್ತದೆ, ಅನ್ನ ಸೇರುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದವರಿಗೆ ಔಡಲೆಣ್ಣೆ ಹಚ್ಚಿ, ಸರಿದ ಬಟ್ಟಿಯನ್ನು ತಿಕ್ಕಿ ತಿಕ್ಕಿ ಹೊಕ್ಕುಳಿಗೆ ತಂದು ಕೂರಿಸುವುದು ದೊಡ್ಡವ್ವನ ಕಸುಬು. ನಾನು ಗುಡಗೇರಿಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ, ಇರುವುದು ದೊಡ್ಡವ್ವನ ಮನೆಯಲ್ಲಿ. "ಬಟ್ಟಿ ಎಲ್ಲೂ ಸರಿಯೂದಿಲ್ಲಬೇ, ಅದು ರಕ್ತನಾಳದ ಬಡಿತ" ಎಂದು ನಾನು ಅಂದಾಗಲೆಲ್ಲ ಅವಳದು ಒಂದೇ ಉತ್ತರ. "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ನಿನಗ ಎರಡೂ ಬರೂದಿಲ್ಲ, ಸುಮ್ನಿರು."

ನಾನು ಸುಮ್ಮನಿರುತ್ತಿದ್ದೆ. ಯಾಕೆಂದರೆ ಬಂದವರಲ್ಲಿ ಬಹಳ ಮಂದಿಗೆ ಆರಾಮ ಆಗುತ್ತಿತ್ತು. ಅಜೀರ್ಣ, ಹುಳಿತೇಗು, ಹೊಟ್ಟೆಯುಬ್ಬರ ಇಂಥವು ತಿಕ್ಕಿದರೂ ಹೋಗುತ್ತವೆ, ತಿಕ್ಕದಿದ್ದರೂ ಹೋಗುತ್ತವೆ. ಹೆಸರು ಮಾತ್ರ ದೊಡ್ಡವ್ವನಿಗೆ ಬರುತ್ತಿತ್ತು.

ಅವಳ ಇನ್ನೊಂದು ಗುಣವನ್ನೂ ಹೇಳಬೇಕು. ಕೆಳಗಿನ ಓಣಿಯ ಯಲ್ಲಪ್ಪನ ಹೆಂಡತಿ ಸಣ್ಣವ್ವ ಹೊಸದಾಗಿ ಮದುವೆಯಾಗಿ ಬಂದ ಕಾಲಕ್ಕೆ, ಹೊಟ್ಟೆ ಹಿಡಿದುಕೊಂಡು ನಮ್ಮ ಕಟ್ಟೆಯಿಂದ ದೂರ ನಿಂತಿದ್ದಳಂತೆ. ಆ ಓಣಿಯವರು ನಮ್ಮ ಕಟ್ಟೆ ಹತ್ತುತ್ತಿರಲಿಲ್ಲ. ದೊಡ್ಡವ್ವ ಇಳಿದು ಹೋಗಿ, ಆಕೆಯ ಕೈ ಹಿಡಿದು ತಂದು ಪಡಸಾಲೆಯಲ್ಲಿ ಮಲಗಿಸಿದಳು. ದೊಡ್ಡವ್ವನ ಅತ್ತೆ ಊರಿಗೆಲ್ಲ ಕೇಳುವಂತೆ ರಂಪ ಮಾಡಿದಳು. "ಹೊಟ್ಟಿಗೆ ಯಾವ ಓಣಿರಿ ಅತ್ತಿ?" ಎಂದು ಕೇಳಿ ದೊಡ್ಡವ್ವ ತಿಕ್ಕುವುದನ್ನು ಮುಂದುವರಿಸಿದಳು. ಅಂದಿನಿಂದ ಸಣ್ಣವ್ವನಿಗೆ ಆ ಕೈ ಎಂದರೆ ದೇವರ ಕೈ. ಹೊಲದ ಮೊದಲ ಸುಲಗಾಯಿ, ಅಂದರೆ ಹಸಿ ಕಡಲೆಕಾಯಿಯ ಸಿವುಡು, ಪ್ರತಿ ವರ್ಷ ನಮ್ಮ ಮನೆಗೇ ಬರುತ್ತಿತ್ತು.

ಆ ಸಣ್ಣವ್ವನ ಮಗಳು ಶಿವಾನಿ, ಏಳನೆಯ ಇಯತ್ತೆಯ ಹುಡುಗಿ, ಹೋದ ವರ್ಷ ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಹೊಟ್ಟೆನೋವು ಎಂದು ಮಲಗಿತು. ಮೊದಲು ಹೊಕ್ಕುಳ ಸುತ್ತ ನೋವು, ಆಮೇಲೆ ವಾಂತಿ. ಮರುದಿನ ಬೆಳಿಗ್ಗೆ ದೊಡ್ಡವ್ವನ ಹತ್ತಿರ ಕರೆತರುವ ಹೊತ್ತಿಗೆ ನೋವು ಬಲಗಡೆ ಕೆಳಹೊಟ್ಟೆಗೆ ಇಳಿದಿತ್ತು. "ಬಟ್ಟಿ ಬಲಕ್ಕ ಜಾರೇತಿ" ಎಂದಳು ದೊಡ್ಡವ್ವ. ಹುಡುಗಿ ಚೀರಿತು, ಕಾಲು ಮಡಚಿಕೊಂಡಿತು. ಸಣ್ಣವ್ವ ಕಾಲು ಹಿಡಿದಳು, ದೊಡ್ಡವ್ವ ಕಣ್ಣು ಮುಚ್ಚಿಕೊಂಡು ತಿಕ್ಕಿದಳು. ಮಧ್ಯಾಹ್ನದ ಹೊತ್ತಿಗೆ ನೋವು ಒಮ್ಮೆಲೇ ನಿಂತಿತು. ಹುಡುಗಿ ನೀರು ಕೇಳಿತು, ತಾಯಿಯ ಮುಖ ನೋಡಿ ನಕ್ಕಿತು. "ಬಟ್ಟಿ ಕೂತ್ತು" ಎಂದು ದೊಡ್ಡವ್ವ ಕೈ ತೊಳೆದಳು. ಸಣ್ಣವ್ವ ಅವಳ ಕಾಲಿಗೆ ಬಿದ್ದಳು.

ನಾನು ಶಾಲೆಯಿಂದ ಬರುವಷ್ಟರಲ್ಲಿ ಹುಡುಗಿಗೆ ಮೈ ಸುಡುವ ಜ್ವರ. ದೊಡ್ಡವ್ವ ಹೋಗಿ ಹೊಟ್ಟೆ ಮುಟ್ಟಿ ಕೈ ಹಿಂದಕ್ಕೆ ತೆಗೆದಳು. ಹೊಟ್ಟೆ ಹಲಗೆಯ ಹಾಗೆ ಬಿರುಸಾಗಿತ್ತು. ಗಾಡಿ ಮಾಡಿಕೊಂಡು ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಓಡಿದೆವು. ಆಪರೇಶನ್ ಆಯಿತು. ಎರಡು ದಿನ ಜೀವ ಹಿಡಿದರೂ ಹುಡುಗಿ ಉಳಿಯಲಿಲ್ಲ.

ಹುಡುಗಿ ತೀರಿಕೊಂಡ ದಿನ ಸಣ್ಣವ್ವ ಒಳಗೆ ಮಗಳ ಹತ್ತಿರ ಇದ್ದಳು. ಹೊರಗೆ ಡಾಕ್ಟರ್ ರೋಹಿಣಿ ಎಲ್ಲವನ್ನೂ ಕೇಳಿ ತಿಳಿದುಕೊಂಡು ದೊಡ್ಡವ್ವನನ್ನು ಬಾಜು ಕೂರಿಸಿಕೊಂಡರು. "ಅಪೆಂಡಿಕ್ಸ್ ಬಾತಿತ್ರಿ ಅವ್ವಾರ. ನೋವು ನಿಂತ್ತು ಅಂದ್ರೆಲ್ಲ, ಅದು ಆರಾಮ ಆಗಿ ನಿಂತದ್ದಲ್ಲ, ಒಳಗ ಒಡದು ನಿಂತದ್ದು. ಇಂಥಾ ಹೊಟ್ಟಿ ತಿಕ್ಕಬಾರದು."

"ನಾ ತಿಕ್ಕಿದ್ದಕ್ಕ ಒಡೀತೇನ್ರಿ?"

"ತಿಕ್ಕದಿದ್ರೂ ಒಡೀತಿತ್ತೇನೋ, ಹೇಳಾಕ ಬರೂದಿಲ್ಲ. ಆದ್ರ ಬೆಳಿಗ್ಗೇನ ಕರ್ಕೊಂಡು ಬಂದಿದ್ರ ಉಳೀತಿದ್ಲು."

ಆ ಎರಡು ದಿನ ದೊಡ್ಡವ್ವ ವಾರ್ಡಿನ ಬಾಗಿಲಲ್ಲಿ ಕೂತು ಡಾಕ್ಟರರ ಕೈಯನ್ನೇ ನೋಡಿದ್ದಳು. ಅವರು ಮೊದಲು ಹೊಟ್ಟೆಯನ್ನು ಬರೇ ನೋಡುತ್ತಿದ್ದರು. ಆಮೇಲೆ ಸ್ಟೆಥೊಸ್ಕೋಪ್ ಇಟ್ಟು ಕರುಳಿನ ಗುಳುಗುಳು ಸದ್ದು ಕೇಳುತ್ತಿದ್ದರು. ಕೈ ಇಡುವುದು ಕೊನೆಗೆ, ಅದೂ ನೋವು ಇಲ್ಲದ ಕಡೆಯಿಂದ, ಮೆಲ್ಲಗೆ. ಕೈ ಹೊಟ್ಟೆಯ ಮೇಲಿದ್ದರೂ ಅವರ ಕಣ್ಣು ಮಾತ್ರ ಮಲಗಿದವರ ಮುಖ ಬಿಟ್ಟು ಕದಲುತ್ತಿರಲಿಲ್ಲ.

ಊರಿಗೆ ಬರುವಾಗ ದೊಡ್ಡವ್ವ ದಾರಿಯಲ್ಲಿ ನನ್ನೊಡನೆ ಆಡಿದ್ದು ಒಂದೇ ಮಾತು. "ನಾ ಆಕಿ ಮಾರಿ ನೋಡಲೇ ಇಲ್ಲಲ್ಲಬೇ, ಸುನಿತಾ."

ಅಂದಿನಿಂದ ಅವಳು ತಿಕ್ಕುವುದನ್ನು ಬಿಟ್ಟಳು. ಬಂದವರನ್ನು "ಕೈಯಾಗ ಶಕ್ತಿ ಇಲ್ಲ" ಎಂದು ಕಳಿಸುತ್ತಿದ್ದಳು. ಜನ ಗೊಣಗಿಕೊಂಡು ಬೇರೆ ಊರಿಗೆ ಹೋಗಿ ತಿಕ್ಕಿಸಿಕೊಂಡರು. ಸಣ್ಣವ್ವ ಮಾತ್ರ ನೀರಿಗೆ ಬಂದಲ್ಲಿ, ಹೊಲದಲ್ಲಿ, ಎಲ್ಲರ ಮುಂದೆ ಹೇಳುತ್ತಿದ್ದಳು: "ಅವ್ವಾರು ಆರಾಮ ಮಾಡಿದ್ರು, ಹುಡುಗಿ ನಕ್ಕಿತ್ತು. ದವಾಖಾನಿಯವ್ರು ಕೊಯ್ದು ಕೊಂದ್ರು." ಆ ವರ್ಷವೂ ಸುಲಗಾಯಿ ತಂದು ಕೊಟ್ಟಳು. ದೊಡ್ಡವ್ವ ಅದನ್ನು ಬಾಯಿಗೆ ಹಾಕಲಿಲ್ಲ. "ಆಕಿಗೆ ಹೇಳಬೇಕು" ಎಂದಳು. ನನಗೆ ಸಿಟ್ಟು ಬಂತು. "ಹೇಳಿದ್ರ ಸತ್ತಾಕಿ ಎದ್ದು ಬರ್ತಾಳೇನು? ಇದ್ದ ಒಂದು ಸಮಾಧಾನಾನೂ ಕಿತ್ಕೊಂತೀ ಏನು?" ಎಂದೆ.

ಈ ಮಳೆಗಾಲ ಒಂದು ಬೆಳಿಗ್ಗೆ ಸಣ್ಣವ್ವ ಮಗ ಯಲ್ಲೇಶನನ್ನು ಸೊಂಟದ ಮೇಲೆ ಎತ್ತಿಕೊಂಡು ಓಡಿ ಬಂದಳು. ಹೊಕ್ಕುಳ ಸುತ್ತ ನೋವು, ಒಮ್ಮೆ ವಾಂತಿ. ಹಿಂದೆ ಯಲ್ಲಪ್ಪ ಬೈಕು ತಂದು ನಿಲ್ಲಿಸಿದ. ಚಾಪೆ ಹಾಸದೆ ದೊಡ್ಡವ್ವ ಹುಡುಗನ ಮುಖವನ್ನೇ ದಿಟ್ಟಿಸಿ ನೋಡಿದಳು.

"ಗುಡಗೇರಿ ದವಾಖಾನಿಗೆ ಹೋಗ್ರಿ. ಈಗಿಂದೀಗ."

"ಇಲ್ರಿ ಯವ್ವಾರ, ಅಲ್ಲಿ ಒಲ್ಲೆ. ಒಂದನ್ನ ಅವ್ರಿಗೆ ಕೊಟ್ಟು ಬಂದೇನಿ. ನೀವು ಒಂದಿಷ್ಟು ಕೈ ಆಡಸ್ರಿ, ಸಾಕು."

"ನಾ ಮುಟ್ಟಂಗಿಲ್ಲ, ಸಣ್ಣವ್ವ."

"ಯಾರೂ ಮುಟ್ಟಲಾರದಾಗ ನೀವು ಮುಟ್ಟೀರಿ. ಈಗ್ಯಾಕ ಒಲ್ಲೆ ಅಂತೀರಿ?"

ದೊಡ್ಡವ್ವ ಮುಂದೆ ಏನು ಹೇಳುತ್ತಾಳೆಂದು ನನಗೆ ಗೊತ್ತಾಗಿತ್ತು, ತಡೆಯುವ ಧೈರ್ಯ ಇರಲಿಲ್ಲ. ಅವಳು ಕಟ್ಟೆ ಇಳಿದು ಸಣ್ಣವ್ವನ ಎದುರಿಗೆ ಹೋಗಿ ನಿಂತಳು.

"ಶಿವಾನಿನ್ನ ದವಾಖಾನಿಯವ್ರು ಕೊಲ್ಲಲಿಲ್ಲ. ಹೊಟ್ಟಿಯೊಳಗ ಬ್ಯಾನಿ ಬ್ಯಾರೆ ಇತ್ತು. ನಾ ಬಟ್ಟಿ ಅಂತ ತಿಳ್ಕೊಂಡು ತಿಕ್ಕಿದೆ. ಆಕಿ ನಕ್ಕಳಲ್ಲ, ಆವಾಗ ಒಳಗ ಒಡದಿತ್ತು. ಬೆಳಿಗ್ಗೆ ನಾ ಕಳಿಸಿದ್ರ ಉಳೀತಿದ್ಲು. ಡಾಕ್ಟರು ನನ್ನ ಮುಂದ ಹೇಳ್ಯಾರ. ಈ ಹುಡುಗನ್ನ ನನ್ನ ಕೈಯಾಗ ಕೊಡಬ್ಯಾಡ."

ಸಣ್ಣವ್ವ ದೊಡ್ಡವ್ವನ ಕೈಗಳನ್ನು ಒಂದು ಸಲ ನೋಡಿದಳು. ಆಮೇಲೆ ಸೆರಗಿನಿಂದ ಮಗನ ಹೊಟ್ಟೆ ಮುಚ್ಚಿಕೊಂಡು ಬೈಕು ಹತ್ತಿದಳು.

ಸಂಜೆ ಸುದ್ದಿ ಬಂತು. ಹುಡುಗನಿಗೆ ಏನೂ ಆಗಿರಲಿಲ್ಲ, ಜಂತುಹುಳ. ಗುಳಿಗೆ ಕೊಟ್ಟು ಕಳಿಸಿದ್ದರು. ಇಷ್ಟಕ್ಕಾಗಿ ಅದನ್ನೆಲ್ಲ ಹೇಳಬೇಕಾಗಿತ್ತೇ ಎಂದೆ. "ಗುಳಿಗಿಯಾಗ ಮುಗೀತಲ್ಲ, ಚೊಲೋ ಆತು" ಎಂದಳು ದೊಡ್ಡವ್ವ. ಮುಂಜಾನೆಯಿಂದ ಏನೂ ತಿನ್ನದಿದ್ದವಳು ಆ ರಾತ್ರಿ ಒಂದು ರೊಟ್ಟಿ ತಿಂದಳು.

ಸಣ್ಣವ್ವ ನಮ್ಮ ಓಣಿಯಲ್ಲಿ ನಡೆಯುವುದನ್ನೇ ಬಿಟ್ಟಳು. ಎದುರಾದರೂ ತಲೆ ತಗ್ಗಿಸಿ ದಾಟುತ್ತಿದ್ದಳು. ಈ ಸಲ ಸುಲಗಾಯಿ ಬರಲಿಲ್ಲ. ದೊಡ್ಡವ್ವ ಅದನ್ನು ಯಾರ ಮುಂದೆಯೂ ಆಡಲಿಲ್ಲ, ಆದರೆ ಮುಂಜಾನೆ ಬಾಗಿಲು ತೆಗೆದೊಡನೆ ಕೆಳಗಿನ ಓಣಿಯ ಕಡೆ ನೋಡುವುದನ್ನು ನಾನು ಕಂಡಿದ್ದೇನೆ.

ಮೊನ್ನೆ ಪರವೂರಿನ ಒಬ್ಬ ಹೆಣ್ಣುಮಗಳು ಎಳೆಯ ಹುಡುಗಿಯನ್ನು ಕರೆದುಕೊಂಡು ಕೆಳಗಿನ ಓಣಿಯ ತುದಿಯ ನಳದ ಹತ್ತಿರ ನಿಂತು ವಿಚಾರಿಸುತ್ತಿದ್ದಳು. "ಬಟ್ಟಿ ತಿಕ್ಕೂ ಶಿವಗಂಗವ್ವಾರ ಮನಿ ಯಾವುದ್ರಿ?" ನಾವು ಕಿಟಕಿಯ ಹತ್ತಿರ ಕೂತಿದ್ದೆವು, ಮಾತು ಕೇಳುತ್ತಿತ್ತು. ನಳಕ್ಕೆ ಕೊಡ ಹಚ್ಚಿದ್ದವಳು ಸಣ್ಣವ್ವ.

"ಅಲ್ಲಿಗೆ ಹೋಗಬ್ಯಾಡ್ರಿ" ಎಂದಳು ಸಣ್ಣವ್ವ. ಹುಡುಗಿಯ ಮುಖ ನೋಡಿದಳು. "ನನ್ನ ಮಗಳಿಗೂ ಹಿಂಗ ಹೊಟ್ಟಿ ನೋಯ್ತಿತ್ರಿ. ನನಗ ತಿಳೀಲಿಲ್ಲ. ಸೀದಾ ದವಾಖಾನಿಗೆ ಹೋಗ್ರಿ."

ದೊಡ್ಡವ್ವ ಅಲ್ಲೇ ಗೋಡೆಗೆ ಆತು ಕೂತಳು. "ನನಗ ತಿಳೀಲಿಲ್ಲ ಅಂತ ಅಂದಳು ನೋಡಬೇ" ಎಂದಳು. "ನನ್ನ ಹೆಸರು ಹೇಳಲಿಲ್ಲ." ಹುಬ್ಬಳ್ಳಿಯಲ್ಲಿ ಅಳದವಳು ಅವತ್ತು ಬಿಕ್ಕಿ ಬಿಕ್ಕಿ ಅತ್ತಳು.